ಕುರಿ ಮಂದೆಗೆ ನಾಯಿಮರಿಯ ಆಯ್ಕೆ

ಬೇಸಾಯಶಾಸ್ತ್ರ ಕಲಿಸುವವನಿಗೆ ನಾಯಿಮರಿಯ ಗೊಡವೆ ಏಕೆ ಎಂದು ಕೆಲವು ಓದುಗರಿಗೆ ಅನಿಸಬಹುದು. ಇದಕ್ಕೆ ಕಾರಣ ಗೊಬ್ಬರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳಿಗೆ ಕುರಿ ಮಂದೆ ಹಾಕಿಸುವ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ಬಿತ್ತನೆಗೆ ಮುಂಚೆ ಕೆಲವು ರಾತ್ರಿ ಹೊಲದಲ್ಲಿ ಮಂದೆ ತಂಗಿದರೆ ಹಿಕ್ಕೆಯೂ ಗಂಜಲವೂ ಸಾಗಣೆಯ ಖರ್ಚಿಲ್ಲದೆ ನೇರವಾಗಿ ಮಣ್ಣಿಗೆ ಸೇರುತ್ತವೆ. ಆದರೆ ಬಯಲಿನಲ್ಲಿ ತಂಗಿದ ಮಂದೆಗೆ ರಾತ್ರಿ ಕಾವಲು ಬೇಕು. ತೋಳ, ಚಿರತೆ, ಊರಿನ ಬೀಡಾಡಿ ನಾಯಿಗಳ ಗುಂಪು, ಕುರಿಗಳ್ಳರು, ಇವುಗಳ ಭಯದಿಂದ ಮಂದೆ ಹಾಕಲು ಒಪ್ಪದ ಕುರಿಗಾಹಿಗಳಿದ್ದಾರೆ. ಹೀಗೆ ನೋಡಿದರೆ ಒಳ್ಳೆಯ ನಾಯಿ ಹೊಲದ ಫಲವತ್ತತೆಗೂ ಸಂಬಂಧಪಟ್ಟ ವಿಷಯವೇ ಆಗಿದೆ.

ಇನ್ನೊಂದು ಕಾರಣವೂ ಉಂಟು. ಬೇಲಿ ಹಾಕಿದ ಜಮೀನಿನಲ್ಲಿ ನೂರು ಇನ್ನೂರು ಕುರಿಗಳನ್ನು ಸಾಕುವ ವಿದ್ಯಾವಂತ ಯುವಕರು ಈಗ ಹೆಚ್ಚುತ್ತಿದ್ದಾರೆ. ಇವರು ಪರದೇಶದ ನಾಯಿಗಳು ಶಿಳ್ಳೆಯ ಸನ್ನೆಗೆ ಇಡೀ ಮಂದೆಯನ್ನು ತಿರುಗಿಸುವ ಚಲನಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, ಅಂತಹ ಮರಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಹುಡುಕಾಟ ಸಾಮಾನ್ಯವಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದು ನಿಲ್ಲುತ್ತದೆ. ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನ್ ಮೊದಲಾದ ಬ್ರಿಟಿಷರ ಕಾಲದ ಬಡಾವಣೆಗಳಲ್ಲಿ ಜಾತಿನಾಯಿ ಸಾಕುವ ಅಭ್ಯಾಸ ಹಳೆಯದು. ರಿಚರ್ಡ್ಸ್ ಪಾರ್ಕಿನ ಸುತ್ತ ಬೆಳಗಿನ ಹೊತ್ತು ಒಂದು ಸುತ್ತು ಬಂದರೆ ಹಲವು ಜಾತಿಯ ನಾಯಿಗಳನ್ನು ಕಾಣಬಹುದು. ಅಲ್ಲಿ ಮರಿ ಕೊಳ್ಳಲು ಹೋಗುವ ರೈತರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆಯಲಾಗಿದೆ.

ಅಟ್ಟುವ ನಾಯಿ, ಕಾಯುವ ನಾಯಿ

ಮೊದಲು ಒಂದು ಭೇದವನ್ನು ಸ್ಪಷ್ಟಮಾಡಿಕೊಳ್ಳಬೇಕು. ಮಂದೆಯನ್ನು ಅಟ್ಟುವ ನಾಯಿ ಬೇರೆ, ಮಂದೆಯನ್ನು ಕಾಯುವ ನಾಯಿ ಬೇರೆ. ಎರಡನ್ನೂ ಜನ 'ಕುರಿ ನಾಯಿ' ಎಂದೇ ಕರೆಯುವುದರಿಂದ ಬಹಳಷ್ಟು ಹಣ ವ್ಯರ್ಥವಾಗುತ್ತಿದೆ.

ಅಟ್ಟುವ ನಾಯಿಗೆ ಬಾರ್ಡರ್ ಕೋಲಿ ಉತ್ತಮ ಉದಾಹರಣೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಾಡಿನ ಕುರಿಗಾಹಿಗಳು ಇದನ್ನು ರೂಢಿಸಿದರು. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಹುಟ್ಟಿದ 'ಹೆಂಪ್' ಎಂಬ ಗಂಡು ನಾಯಿ ಈ ತಳಿಯ ಮೂಲಪುರುಷನೆನಿಸಿದೆ. 1906ರಲ್ಲಿ ಅಂತಾರಾಷ್ಟ್ರೀಯ ಕುರಿನಾಯಿ ಸಂಘವು ಸ್ಥಾಪನೆಯಾಯಿತು. ಇಂತಹ ನಾಯಿ ತನ್ನ ಬೇಟೆಯ ಸ್ವಭಾವವನ್ನೇ ಅರ್ಧಕ್ಕೆ ನಿಲ್ಲಿಸಿ ಕೆಲಸ ಮಾಡುತ್ತದೆ. ಕುರಿಯನ್ನು ದಿಟ್ಟಿಸಿ ನೋಡುತ್ತದೆ, ಬಗ್ಗಿ ಹೆಜ್ಜೆಯಿಡುತ್ತದೆ, ಸುತ್ತು ಹಾಕಿ ಬೆನ್ನಟ್ಟುತ್ತದೆ, ಕಚ್ಚುವುದಿಲ್ಲ. ಆ ಕೊನೆಯ ಹೆಜ್ಜೆಯನ್ನು ತಡೆಯುವುದು ತರಬೇತಿ ಮತ್ತು ವಂಶ. ತರಬೇತಿಯಿಲ್ಲದ ಕೋಲಿಯನ್ನು ಮಂದೆಗೆ ಬಿಟ್ಟರೆ ಗಬ್ಬದ ಕುರಿಗಳನ್ನು ಓಡಿಸಿ ಓಡಿಸಿ ಕಂದು ಹಾಕಿಸುವ ಸಂಭವವೇ ಹೆಚ್ಚು.

ಕಾಯುವ ನಾಯಿ ಇದಕ್ಕೆ ತದ್ವಿರುದ್ಧ. ಅದಕ್ಕೆ ಕುರಿಯ ಮೇಲೆ ಬೇಟೆಯ ಕಣ್ಣೇ ಇರಬಾರದು. ಅದು ಮಂದೆಯ ನಡುವೆ ಮಲಗಿ, ಹೊರಗಿನ ಪ್ರಾಣಿ ಬಂದರೆ ಎದ್ದು ಬೊಗಳಿ ಎದುರು ನಿಲ್ಲಬೇಕು. ಹಿಮಾಚಲದ ಗದ್ದಿ ಕುರಿಗಾಹಿಗಳ ನಾಯಿ ಈ ಬಗೆಯದು. ಚಿರತೆ ಕುತ್ತಿಗೆ ಹಿಡಿಯದಂತೆ ಅದಕ್ಕೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುವುದುಂಟು. ನಮ್ಮ ಉತ್ತರ ಕರ್ನಾಟಕದ ಕುರುಬರು ದಕ್ಕನಿ ಕುರಿಗಳೊಂದಿಗೆ ಕರೆದೊಯ್ಯುವ ನಾಟಿ ನಾಯಿಗಳೂ ಇದೇ ಕೆಲಸ ಮಾಡುತ್ತವೆ. ಮೈಲಾರಲಿಂಗನ ಪರಂಪರೆಯಲ್ಲಿ ನಾಯಿಗಿರುವ ಸ್ಥಾನವನ್ನು ಬಲ್ಲವರಿಗೆ ಕುರುಬರ ಬದುಕಿನಲ್ಲಿ ಅದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಕುರಿಗಾಹಿಯೇ ಮುಂದೆ ನಡೆದು ಕೂಗು ಹಾಕಿದರೆ ಮಂದೆ ಹಿಂಬಾಲಿಸುತ್ತದೆ. ಹಾಗಾಗಿ ಅಟ್ಟುವ ನಾಯಿಯ ಅವಶ್ಯಕತೆ ಬಹಳ ಕಡಿಮೆ. ಬೇಲಿ ಹಾಕಿದ ಹಲವು ತುಂಡುಗಳಲ್ಲಿ ಸರದಿಯಂತೆ ಮೇಯಿಸುವವರಿಗೆ, ಅದರಲ್ಲೂ ನಾಯಿಗೆ ದಿನವೂ ತಾಳ್ಮೆಯಿಂದ ಕಲಿಸಲು ಸಮಯವಿರುವವರಿಗೆ ಮಾತ್ರ ಕೋಲಿ ಉಪಯೋಗವಾದೀತು. ನೂರಕ್ಕೆ ತೊಂಬತ್ತು ಮಂದಿ ರೈತರಿಗೆ ಬೇಕಾದದ್ದು ಕಾಯುವ ನಾಯಿಯೇ ಎಂಬುದು ನನ್ನ ಅಭಿಪ್ರಾಯ.

ಜರ್ಮನ್ ಶೆಫರ್ಡ್ ಬಗ್ಗೆ ಎರಡು ಮಾತು. ಹಳ್ಳಿಗಳಲ್ಲಿ ಇದನ್ನು ಅಲ್ಸೇಷಿಯನ್ ಎನ್ನುತ್ತಾರೆ. 1899ರಲ್ಲಿ ಜರ್ಮನಿಯಲ್ಲಿ ಇದರ ಸಂಘ ಆರಂಭವಾದಾಗ ಇದು ನಿಜವಾಗಿ ಕುರಿಗಾಹಿಯ ನಾಯಿಯೇ ಆಗಿತ್ತು. ಆದರೆ ಇಂದು ನಗರದಲ್ಲಿ ಸಿಗುವ ಮರಿಗಳ ಎಷ್ಟೋ ತಲೆಮಾರಿನ ಹಿರಿಯರು ಕುರಿಯನ್ನು ಕಣ್ಣಿನಿಂದ ಕಂಡಿರುವುದಿಲ್ಲ. ಹೆಸರಿನಲ್ಲಿ ಕುರಿಗಾಹಿ ಇದ್ದಮಾತ್ರಕ್ಕೆ ಕೆಲಸದಲ್ಲಿ ಇರಬೇಕೆಂದಿಲ್ಲ.

ಮುಧೋಳ ನಾಯಿಯನ್ನೂ ಕೆಲವರು ಮಂದೆಗೆ ಕೇಳುತ್ತಾರೆ. ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆಯು ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ತಳಿಗಳ ಜೊತೆಗೆ ನೋಂದಾಯಿಸಿರುವ ನಮ್ಮ ರಾಜ್ಯದ ತಳಿ ಇದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಇದು ಕಣ್ಣಿನಿಂದ ಕಂಡು ಬೆನ್ನಟ್ಟುವ ಬೇಟೆನಾಯಿ. ಬಿಸಿಲಿಗೆ ತಾಳಿಕೊಳ್ಳುತ್ತದೆ, ಹೊಲ ಮನೆ ಕಾವಲಿಗೆ ಉತ್ತಮ. ಆದರೆ ಕುರಿಗಳ ಜೊತೆ ಮರಿಯಿಂದಲೇ ಬೆಳೆಯದ ಮುಧೋಳವನ್ನು ಮಂದೆಯೊಳಗೆ ನಂಬಿ ಬಿಡಬಾರದು.

ಒಂದು ಉದಾಹರಣೆ

ಕಳೆದ ವರ್ಷ ಚಿಂತಾಮಣಿ ಕಡೆಯ ರೈತರೊಬ್ಬರ ಜೊತೆ ರಿಚರ್ಡ್ಸ್ ಟೌನಿನ ಒಂದು ಮನೆಗೆ ಹೋಗಿದ್ದೆ. ಅಲ್ಲಿಯ ವಯಸ್ಸಾದ ತಾಯಿಯವರು ಹಲವು ವರ್ಷಗಳಿಂದ ಕೋಲಿ ಸಾಕುತ್ತಿದ್ದಾರೆ. ರೈತರು ಹಣ ತಂದಿದ್ದರು. ಮರಿ ತೋರಿಸಿದರೆ ಆರಿಸಿಕೊಂಡು ಸಂಜೆಯ ಬಸ್ಸಿಗೆ ಹೊರಡುವ ಯೋಚನೆ ಅವರದು. ಆದರೆ ಆಕೆ ಮರಿ ತೋರಿಸುವ ಮೊದಲೇ ಪ್ರಶ್ನೆ ಕೇಳಲು ಆರಂಭಿಸಿದರು.

"ಎಷ್ಟು ಕುರಿ ಇದಾವಪ್ಪ ನಿಮ್ಮಲ್ಲಿ?"

"ಅರವತ್ತು ಇದಾವಮ್ಮ, ಎಲ್ಲಾ ನಾಟಿ."

"ಹಗಲು ಯಾರು ಮೇಯಿಸ್ತಾರೆ?"

"ನಮ್ಮ ತಂದೆಯವರು. ಕೆರೆ ಅಂಗಳಕ್ಕೆ ಹೊಡ್ಕೊಂಡು ಹೋಗ್ತಾರೆ. ರಾತ್ರಿ ಮಾತ್ರ ದೊಡ್ಡಿಗೆ ಬೀದಿನಾಯಿ ನುಗ್ತಾವೆ. ಎರಡು ಸಲ ಆಯ್ತು."

"ನಿಮ್ಮ ತಂದೆಯವರಿಗೆ ವಯಸ್ಸೆಷ್ಟು?"

"ಎಪ್ಪತ್ತು ದಾಟಿದೆ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ನಾಯಿ ನಿಮಗೆ ಬೇಡಪ್ಪ. ಇದು ದಿನವೆಲ್ಲಾ ಓಡಬೇಕು, ಹಿಂದೆ ಒಬ್ಬರು ಓಡಬೇಕು. ನಿಮ್ಮ ತಂದೆಯವರ ಕೈಲಿ ಆಗಲ್ಲ. ರಾತ್ರಿ ದೊಡ್ಡಿ ಕಾಯೋದಕ್ಕೆ ಇದು ಹುಟ್ಟಿದ್ದೂ ಅಲ್ಲ" ಎಂದುಬಿಟ್ಟರು. ರೈತರಿಗೆ ಬೇಸರವಾಯಿತು. ಹಣ ಕೊಡುತ್ತೇನೆಂದರೂ ಕೊಡುವುದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಆದರೆ ಒಳ್ಳೆಯ ತಳಿ ಸಾಕಣೆದಾರರ ಮೊದಲ ಗುರುತು ಇದೇ. ಅವರು ಕೊಳ್ಳುವವರನ್ನು ಪರೀಕ್ಷಿಸುತ್ತಾರೆ, ಬೇಡವೆನಿಸಿದರೆ ಮರಿ ಕೊಡುವುದಿಲ್ಲ. ಯಾವ ಪ್ರಶ್ನೆಯನ್ನೂ ಕೇಳದೆ ಹಣ ಎಣಿಸಿಕೊಳ್ಳುವವರಿಂದ ದೂರವಿರುವುದು ಕ್ಷೇಮ.

ಮುಂದೆ ಆ ರೈತರು ತಮ್ಮ ತಾಲ್ಲೂಕಿನಲ್ಲೇ ಒಬ್ಬ ಕುರಿಗಾಹಿಯ ಬಳಿ ಮಂದೆಯಲ್ಲೇ ಹುಟ್ಟಿದ ಎರಡು ನಾಟಿ ಮರಿಗಳನ್ನು ತಂದರು.

ಸಾಕಣೆದಾರರ ಮನೆಯಲ್ಲಿ ನೋಡಬೇಕಾದದ್ದು

ತಾಯಿಯನ್ನು ನೋಡದೆ ಮರಿಯನ್ನು ಕೊಳ್ಳಕೂಡದು. ತಾಯಿ ಬೇರೆ ಊರಿನಲ್ಲಿದೆ, ಕಾಯಿಲೆಯಾಗಿದೆ ಎಂದು ನೆಪ ಹೇಳಿದರೆ ಮರಿ ಎಲ್ಲಿಂದಲೋ ತಂದದ್ದೆಂದು ತಿಳಿಯಬಹುದು. ರಸ್ತೆ ಬದಿಯಲ್ಲಿ, ಸಂತೆಯಲ್ಲಿ, ಬುಟ್ಟಿಯಲ್ಲಿಟ್ಟು ಮಾರುವ ಮರಿಗಳ ವಿಷಯವೂ ಹೀಗೆಯೇ. ತಾಯಿಯ ನಡತೆಯನ್ನು ಗಮನಿಸಿರಿ. ಹೊಸಬರನ್ನು ಕಂಡು ಬೊಗಳುವುದು ಸಹಜ. ಯಜಮಾನರು ಹೇಳಿದ ಮೇಲೂ ನಡುಗುತ್ತಾ ಮೂಲೆ ಸೇರಿದರೆ ಅಥವಾ ಕಚ್ಚಲು ಬಂದರೆ ಆ ಮರಿಗಳನ್ನು ಬಿಡುವುದು ಒಳ್ಳೆಯದು. ಅಂಜುಬುರುಕತನ ವಂಶದಿಂದಲೂ ಬರುತ್ತದೆ, ತಾಯಿಯನ್ನು ನೋಡಿಯೂ ಬರುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಬೇಕು. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರವು 2017ರಲ್ಲಿ ನಿಯಮಗಳನ್ನು ಹೊರಡಿಸಿದೆ. ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಗೆ ಮರಿ ಮಾಡಿಸಕೂಡದು. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸಕೂಡದು. ಮಾರುವ ಮರಿಗೆ ಲಸಿಕೆ ಹಾಕಿಸಿ, ಗುರುತಿನ ಮೈಕ್ರೋಚಿಪ್ ಅಳವಡಿಸಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯನ್ನು ನೋಡಿ ಕೊಳ್ಳುವ ರೈತರಿಗೆ ಇದು ಹೊಸದೇನೂ ಅಲ್ಲ.

ಕೆನೆಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರವನ್ನು ಹಲವರು ತೋರಿಸುತ್ತಾರೆ. 1896ರಲ್ಲಿ ಕೂನೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಕಚೇರಿ ಈಗ ಚೆನ್ನೈಯಲ್ಲಿದೆ. ಪತ್ರವು ಮರಿಯ ತಂದೆ ತಾಯಿ ಯಾರೆಂದು ಹೇಳುತ್ತದೆ, ಅಷ್ಟೇ. ಮರಿ ಆರೋಗ್ಯವಾಗಿದೆಯೆಂದಾಗಲೀ ಕುರಿ ಕಾಯುತ್ತದೆಯೆಂದಾಗಲೀ ಹೇಳುವುದಿಲ್ಲ. ಗೋಡೆಯ ಮೇಲೆ ಸಾಲಾಗಿ ನಿಂತ ಪ್ರದರ್ಶನದ ಬಹುಮಾನಗಳೂ ಅಷ್ಟೇ. ಅಲ್ಲಿ ನೋಡುವುದು ಮೈಕಟ್ಟು, ಕೂದಲು, ನಡಿಗೆಯನ್ನು. ಹಾಲಿನ ದಾಖಲೆ ಕೇಳದೆ ಕೊಂಬಿನ ಅಂದ ನೋಡಿ ಹಸು ಕೊಂಡಂತಾಗಬಾರದು. ತಂದೆ ತಾಯಿಗಳು ನಿಜವಾಗಿ ಕುರಿಯ ಜೊತೆ ಕೆಲಸ ಮಾಡಿವೆಯೇ, ಎಲ್ಲಿ, ಹೋಗಿ ನೋಡಬಹುದೇ ಎಂದು ಕೇಳಬೇಕು.

ದೊಡ್ಡ ಮೈಯ ತಳಿಗಳಲ್ಲಿ ಹಿಂಗಾಲಿನ ಸೊಂಟದ ಕೀಲು ಸಡಿಲವಾಗುವ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ಜರ್ಮನ್ ಶೆಫರ್ಡ್‌ನಲ್ಲಿ ಇದು ಹೆಚ್ಚು. ಮರಿಯಲ್ಲಿ ಕಾಣದು, ತಂದೆ ತಾಯಿಗಳ ಸೊಂಟದ ಎಕ್ಸ್-ರೇ ನೋಡಬೇಕು. ಕೋಲಿಗಳಲ್ಲಿ ಹುಟ್ಟಿನಿಂದ ಬರುವ ಕಣ್ಣಿನ ದೋಷವೊಂದಿದೆ. ಅದನ್ನು ಆರರಿಂದ ಎಂಟು ವಾರದೊಳಗೆ ಪಶುವೈದ್ಯರು ಪರೀಕ್ಷಿಸಬೇಕು. ಚುಕ್ಕೆ ಚುಕ್ಕೆಯ ನೀಲಿ ಬೂದು ಬಣ್ಣದ ಮರಿಗೆ ನಗರದಲ್ಲಿ ಬೆಲೆ ಹೆಚ್ಚು. ಈ ಬಣ್ಣದ ಎರಡು ನಾಯಿಗಳನ್ನೇ ಕೂಡಿಸಿದರೆ ಕಿವುಡು, ಕುರುಡು ಮರಿಗಳು ಹುಟ್ಟುತ್ತವೆ. ತಂದೆ ತಾಯಿ ಎರಡೂ ಆ ಬಣ್ಣದವಾಗಿದ್ದರೆ ಅಲ್ಲಿಂದ ಹೊರಟುಬಿಡಿ.

ಐವರ್‌ಮೆಕ್ಟಿನ್ ಅಪಾಯ

ಕುರಿ ಸಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಜಂತು ಮತ್ತು ಉಣ್ಣೆಗೆಂದು ನಮ್ಮ ಹಳ್ಳಿಗಳಲ್ಲಿ ಐವರ್‌ಮೆಕ್ಟಿನ್ ಔಷಧಿಯನ್ನು ಧಾರಾಳವಾಗಿ ಬಳಸುತ್ತಾರೆ. ಕೋಲಿ ಜಾತಿಯ ಅನೇಕ ನಾಯಿಗಳಿಗೆ ಇದು ವಿಷ. ಔಷಧಿಯು ಮೆದುಳಿಗೆ ಸೇರದಂತೆ ತಡೆಯುವ ಒಂದು ಪ್ರೋಟೀನು ಈ ನಾಯಿಗಳಲ್ಲಿ ಸರಿಯಾಗಿ ತಯಾರಾಗುವುದಿಲ್ಲ ಎಂಬುದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2001ರಲ್ಲಿ ಕಂಡುಹಿಡಿದರು. ಉದ್ದ ಕೂದಲಿನ ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಈ ದೋಷ ಬಹಳ, ಜರ್ಮನ್ ಶೆಫರ್ಡ್‌ನಲ್ಲಿ ಸ್ವಲ್ಪ, ಬಾರ್ಡರ್ ಕೋಲಿಯಲ್ಲಿ ವಿರಳ. ಕುರಿಗೆ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಕೊಡುವ ವಾಡಿಕೆಯಿದೆ. ಅದೇ ಪ್ರಮಾಣವನ್ನು ದೋಷವಿರುವ ನಾಯಿಗೆ ಕೊಟ್ಟರೆ ತೂರಾಡುವುದು, ಜೊಲ್ಲು ಸುರಿಸುವುದು, ಕಣ್ಣು ಕಾಣದಿರುವುದು, ಪ್ರಜ್ಞೆ ತಪ್ಪುವುದು, ಕೊನೆಗೆ ಸಾವು ಕೂಡ ಸಂಭವಿಸಬಹುದು. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ತೆಗೆದ ಮಾದರಿಯಿಂದ ಇದನ್ನು ಪರೀಕ್ಷಿಸಬಹುದು. ಜವಾಬ್ದಾರಿಯುಳ್ಳ ಸಾಕಣೆದಾರರು ತಂದೆ ತಾಯಿಗಳಿಗೆ ಮಾಡಿಸಿರುತ್ತಾರೆ. ಪರೀಕ್ಷೆ ಆಗದ ಪರದೇಶಿ ನಾಯಿಯಿದ್ದರೆ ಕುರಿಗೆ ತಂದ ಸೂಜಿಮದ್ದನ್ನು ಅದಕ್ಕೆ ಚುಚ್ಚಕೂಡದು. ಕುರಿಗಳಿಗೆ ಮದ್ದು ಕುಡಿಸುವ ದಿನ ನಾಯಿಯನ್ನು ಕಟ್ಟಿ, ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕದಂತೆ ನೋಡಿಕೊಳ್ಳಬೇಕು.

ಮರಿಯ ಪರೀಕ್ಷೆ

ಮರಿಗಳೆಲ್ಲ ಒಟ್ಟಿಗಿರುವಾಗ ಹತ್ತು ನಿಮಿಷ ದೂರದಿಂದ ನೋಡಿರಿ. ಎಲ್ಲರ ಮೇಲೆ ಹಾರಿ ಕಚ್ಚುವ ಪುಂಡ ಮರಿಯೂ ಬೇಡ, ಮೂಲೆಯಲ್ಲಿ ಕುಳಿತದ್ದೂ ಬೇಡ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೆ ಬೆಚ್ಚಿ ತಿರುಗಿ, ಆಮೇಲೆ ಏನೆಂದು ನೋಡಲು ಬರುವ ಮರಿ ಒಳ್ಳೆಯದು, ತಿರುಗದಿದ್ದರೆ ಕಿವುಡಿರಬಹುದು. ಕಣ್ಣು ತಿಳಿಯಾಗಿ, ಒಸಡು ನಸುಗೆಂಪಾಗಿ, ಮೂಗು ಸೋರದೆ, ಹಲ್ಲಿನ ಮೇಲ್ಸಾಲು ಕೆಳಸಾಲಿನ ಮುಂದೆ ಸರಿಯಾಗಿ ಕೂಡಿರಬೇಕು. ಹೊಟ್ಟೆ ಡೊಳ್ಳಾಗಿ ಬೆನ್ನೆಲುಬು ಕಾಣುತ್ತಿದ್ದರೆ ಜಂತುಹುಳು ತುಂಬಿದೆ. ಹೊಕ್ಕುಳಲ್ಲಿ ಗಂಟು ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡಬೇಕು. ಆದರೂ ಈ ಎಳೆಯ ವಯಸ್ಸಿನ ಪರೀಕ್ಷೆಯಿಂದ ದೊಡ್ಡದಾದ ಮೇಲಿನ ಕೆಲಸವನ್ನು ನಿಖರವಾಗಿ ಹೇಳಲಾಗುವುದಿಲ್ಲ. ಮರಿಗಿಂತ ತಂದೆ ತಾಯಿಗಳ ಕೆಲಸವೇ ಹೆಚ್ಚು ನಂಬತಕ್ಕದ್ದು.

ಕೊಂಡ ಎರಡು ಮೂರು ದಿನದೊಳಗೆ ಪಶುವೈದ್ಯರಿಗೆ ತೋರಿಸಿ, ದೋಷ ಕಂಡರೆ ಮರಿಯನ್ನು ಹಿಂತಿರುಗಿಸುವುದಾಗಿ ಕಾಗದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ರಿಚರ್ಡ್ಸ್ ಟೌನಿನಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವಿಲ್ಲ. ಊರಿಗೆ ಹೊರಡುವ ಮುನ್ನ ಅಲ್ಲಿನ ಆಸ್ಪತ್ರೆಗೆ ಹೋಗಿಬರಬಹುದು. ಕೆಲವು ಸಾಕಣೆದಾರರು, ಯಾವ ವಯಸ್ಸಿನಲ್ಲೇ ಆಗಲಿ ನಿಮಗೆ ಸಾಕಲಾಗದಿದ್ದರೆ ನಾಯಿಯನ್ನು ನಮಗೇ ತಂದುಕೊಡಿ ಎನ್ನುತ್ತಾರೆ. ಇದು ಬಹಳ ಒಳ್ಳೆಯ ಗುಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಫ್ಯಾನಿನ ಕೆಳಗೆ ಬೆಳೆದ ದಟ್ಟ ಕೂದಲಿನ ನಾಯಿ ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಏದುಸಿರು ಬಿಡುವುದನ್ನು ಊಹಿಸಿಕೊಳ್ಳಿ. ಅಂತಹ ನಾಯಿಗೆ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಕೆಲಸ ಕೊಡಬೇಕು. ಟರ್ಕಿ, ಕಾಕಸಸ್ ಮುಂತಾದ ಕಡೆಯ ಭಾರಿ ಕಾವಲು ತಳಿಗಳ ಹುಚ್ಚೂ ಕೆಲವರಿಗಿದೆ. ಅವುಗಳಲ್ಲಿ ಕೆಲವು 2024ರ ಮಾರ್ಚಿಯಲ್ಲಿ ಕೇಂದ್ರವು ಅಪಾಯಕಾರಿಯೆಂದು ಹೆಸರಿಸಿದ 23 ತಳಿಗಳ ಪಟ್ಟಿಯಲ್ಲಿದ್ದವು. ಆ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಅದೇ ಏಪ್ರಿಲಿನಲ್ಲಿ ರದ್ದುಪಡಿಸಿತು. ಕಾನೂನಿನ ಮಾತು ಹಾಗಿರಲಿ. ಐವತ್ತು ಅರವತ್ತು ಕಿಲೋ ತೂಗುವ ನಾಯಿಗೆ ದಿನವೂ ಹಾಕುವ ಆಹಾರದ ಲೆಕ್ಕವನ್ನು ಮೊದಲು ಮಾಡಬೇಕು.

ಮಂದೆಗೆ ಒಗ್ಗಿಸುವುದು

ನಾಯಿಮರಿಯ ಮನಸ್ಸು ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ತೆರೆದಿರುತ್ತದೆ. ಆಗ ಯಾರ ಜೊತೆ ಬೆಳೆಯುತ್ತದೆಯೋ ಅವರನ್ನೇ ತನ್ನ ಬಳಗವೆಂದು ತಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1833ರಲ್ಲಿ ದಕ್ಷಿಣ ಅಮೆರಿಕದ ಈಗಿನ ಉರುಗ್ವೆ ದೇಶದಲ್ಲಿ ಸಂಚರಿಸಿದಾಗ ಇದನ್ನು ಕಂಡು ಬರೆದಿದ್ದಾನೆ. ಅಲ್ಲಿಯ ಕುರಿಗಾಹಿಗಳು ಎಳೆಯ ನಾಯಿಮರಿಯನ್ನು ತಾಯಿಯಿಂದ ಬೇರ್ಪಡಿಸಿ, ದಿನಕ್ಕೆ ಮೂರು ನಾಲ್ಕು ಬಾರಿ ಕುರಿಯ ಹಾಲು ಕುಡಿಸಿ, ಕುರಿದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡಿ ಬೆಳೆಸುತ್ತಿದ್ದರಂತೆ. ಅಷ್ಟು ಬೇಗ ಬೇರ್ಪಡಿಸುವುದು ಇಂದಿನ ತಿಳಿವಳಿಕೆಗೆ ಸರಿಯಲ್ಲ. ಆದರೆ ಎಂಟು ವಾರಕ್ಕೆ ತಂದ ಮರಿಯನ್ನು ನೇರವಾಗಿ ದೊಡ್ಡಿಯ ಮೂಲೆಯಲ್ಲಿ, ಕುರಿಗಳು ಕಾಣುವಂತೆ, ಅವು ತುಳಿಯದಂತೆ ಸಣ್ಣ ತಡಿಕೆ ಕಟ್ಟಿ ಇಡಬೇಕು. ದಿನವೂ ಸಾಧುವಾದ ಒಂದೆರಡು ಕುರಿಗಳ ಜೊತೆ ಬಿಡಬೇಕು. ಮನೆಯ ಮಕ್ಕಳು ಎತ್ತಿಕೊಂಡು ಒಳಗೆ ಮಲಗಿಸಿಕೊಂಡರೆ ಅದು ಮನೆಯ ನಾಯಿಯಾಗುತ್ತದೆ, ಮಂದೆಯ ನಾಯಿಯಾಗುವುದಿಲ್ಲ. ಕುರಿಮರಿಯ ಬಾಲ ಹಿಡಿದು ಆಡುವ ಚಾಳಿ ಕಂಡ ಮೊದಲ ದಿನವೇ ಗದರಿಸಿ ಬಿಡಿಸಬೇಕು. ಒಂದೂವರೆ ವರ್ಷ ತುಂಬುವವರೆಗೆ ನಾಯಿಯನ್ನು ಒಂಟಿಯಾಗಿ ಮಂದೆಯೊಂದಿಗೆ ಬಿಡುವುದು ಉಚಿತವಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನದ ಕಲ್ಲಿದೆ. ಕ್ರಿ.ಶ. 949ರ ಸುಮಾರಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗರ ಬೂತುಗನಿಂದ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಈ ಕಲ್ಲನ್ನು ನಿಲ್ಲಿಸಿದರು. ಮರಿ ಹುಡುಕಿಕೊಂಡು ದಂಡಿಗೆ ಬಂದವರು ಬಿಡುವಿದ್ದರೆ ಕಸ್ತೂರಬಾ ರಸ್ತೆಗೆ ಹೋಗಿ ಅದನ್ನೂ ನೋಡಿಬರಬಹುದು.

ಲಸಿಕೆ ಮತ್ತು ಜಂತು ನಿವಾರಣೆ

ಡಿಸ್ಟೆಂಪರ್ ಮತ್ತು ಪಾರ್ವೋ ರೋಗಗಳ ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮುಂದುವರಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ನಂತರ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ. ಬರೀ ರಾಗಿ ಅಂಬಲಿ, ಮಜ್ಜಿಗೆಯಿಂದ ಮರಿ ಬೆಳೆಯುವುದಿಲ್ಲ. ಮೊಟ್ಟೆ, ಬೇಯಿಸಿದ ಮಾಂಸ, ಹಾಲು ಸೇರಬೇಕು.

ಕುರಿಗಳಿಗೆ ಬರುವ ತಲೆ ತಿರುಗುವ ರೋಗವನ್ನು ಎಲ್ಲರೂ ಬಲ್ಲರು. ಕುರಿ ಒಂದೇ ದಿಕ್ಕಿಗೆ ಸುತ್ತು ಹಾಕಿ, ಮೇವು ಬಿಟ್ಟು ಸಾಯುತ್ತದೆ. ಅದರ ಮೆದುಳಿನಲ್ಲಿ ನೀರುಗುಳ್ಳೆಯಿರುತ್ತದೆ. ಆ ತಲೆಯನ್ನು ಒಡೆದು ನಾಯಿಗೆ ಹಾಕಿದರೆ ಗುಳ್ಳೆಯ ಹುಳು ನಾಯಿಯ ಕರುಳಿನಲ್ಲಿ ಲಾಡಿಹುಳುವಾಗಿ ಬೆಳೆದು, ಮೊಟ್ಟೆಗಳು ಮಲದಲ್ಲಿ ಹುಲ್ಲಿಗೆ ಬಿದ್ದು, ಮತ್ತೆ ಕುರಿಗೆ ಸೇರುತ್ತವೆ. ಶ್ವಾಸಕೋಶ, ಈಲಿಯಲ್ಲಿ ಗುಳ್ಳೆ ಕಟ್ಟುವ ಇನ್ನೊಂದು ಲಾಡಿಹುಳು ಇದೇ ದಾರಿಯಲ್ಲಿ ಮನುಷ್ಯರಿಗೂ, ವಿಶೇಷವಾಗಿ ನಾಯಿಯೊಂದಿಗೆ ಆಡುವ ಮಕ್ಕಳಿಗೂ ಅಂಟುತ್ತದೆ. ಆದುದರಿಂದ ಸತ್ತ ಕುರಿಯ ತಲೆ, ಈಲಿ, ಶ್ವಾಸಕೋಶವನ್ನು ಹಸಿಯಾಗಿ ನಾಯಿಗೆ ಎಸೆಯದೆ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಮಂದೆಯ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ಆರರಿಂದ ಎಂಟು ವಾರಕ್ಕೊಮ್ಮೆ, ತೂಕಕ್ಕೆ ತಕ್ಕಂತೆ ಪಶುವೈದ್ಯರನ್ನು ಕೇಳಿ ಕೊಡಬೇಕು. ಮಾತ್ರೆ ಕೊಟ್ಟ ಎರಡು ದಿನ ನಾಯಿಯನ್ನು ಕಟ್ಟಿ, ಅದರ ಮಲವನ್ನು ಎತ್ತಿ ಹೂಳಬೇಕು.